ಬ್ರೇಕ್ ಒತ್ತಲು ಕಲಿಸಿದ ನಾಲ್ಕು ದಿನ

ಮಳೆಯಲ್ಲಿ ಕಾರು ಜಾರಿದರೆ ಏನು ಮಾಡಬೇಕೆಂದು ಕಲಿಸಲು ಹೊರಟವನಿಗೆ ಒಂದು ಸಂಗತಿ ಬಹಳ ಬೇಗ ತಿಳಿಯುತ್ತದೆ: ಕಾರು ಜಾರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ನನಗಂತೂ ಪ್ರತಿ ತಂಡದಲ್ಲೂ ಆಗಿದೆ. ಕಳೆದ ಮಳೆಗಾಲದ ತಂಡದಲ್ಲಿ ಆದಷ್ಟು ಮಾತ್ರ ಎಂದೂ ಆಗಿರಲಿಲ್ಲ.

ನಾನು ಇಪ್ಪತ್ತೆರಡು ವರ್ಷ ಪರ ಊರಿನ ಕಾರು ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದವನು. ಕೆಲಸ ಬಿಟ್ಟು ನವಲಗುಂದದ ಕಡೆ ವಾಪಸು ಬಂದ ಮೇಲೆ ಈ ತರಬೇತಿ ಶುರು ಮಾಡಿದೆ. ಲೈಸೆನ್ಸ್ ಕೊಡಿಸುವುದು ನನ್ನ ಕೆಲಸವಲ್ಲ. ಲೈಸೆನ್ಸ್ ಕೈಗೆ ಬಂದು, ಇನ್ನು ತಮಗೆ ಎಲ್ಲ ಬರುತ್ತದೆಂದು ನಂಬಿರುವ ಹದಿನೆಂಟು ಹತ್ತೊಂಬತ್ತರ ಮಕ್ಕಳಿಗೆ, ಏನೇನು ಬರುವುದಿಲ್ಲ ಎಂದು ತೋರಿಸುವುದು ನನ್ನ ಕೆಲಸ. ಹೊಸ ರಸ್ತೆಯಾದ ಮೇಲೆ ಯಾರೂ ಬಳಸದ ಹಳೇ ಡಾಂಬರು ರಸ್ತೆಯ ಒಂದು ತುಂಡು, ಎರಡೂ ಬದಿ ಕಪ್ಪು ಎರಿ ಮಣ್ಣಿನ ಹೊಲ, ಪಂಚಾಯ್ತಿಯ ಪರವಾನಗಿ ಪತ್ರ, ಇಪ್ಪತ್ತು ಕೆಂಪು ಕೋನುಗಳು, ಒಂದು ಬಾವುಟ. ನಾಲ್ಕು ದಿನ. ಕೊನೆಗೆ ಪರೀಕ್ಷೆ. ಪಾಸಾದರೆ ನನ್ನ ಸಹಿಯ ಒಂದು ಕಾಗದ. ವಶೀಲಿಗೆ ನಾನು ಸಹಿ ಹಾಕುವುದಿಲ್ಲ. ಇದು ತಾಲೂಕಿಗೆಲ್ಲ ಗೊತ್ತಿದೆ, ಆದರೂ ವಶೀಲಿ ಬರುತ್ತದೆ.

ಆ ತಂಡದಲ್ಲಿ ಮೂವರೇ. ಗುಡಗೇರಿ ಕಡೆಯ ಒಬ್ಬ ರೈತರ ಹುಡುಗ, ಅಣ್ಣಿಗೇರಿಯ ಕಾಳಿನ ವ್ಯಾಪಾರಿಯ ಮಗ, ಮೊರಬದ ಒಬ್ಬ ಹುಡುಗಿ. ಹುಡುಗಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಮುಂಜಾನೆಯ ಬಸ್ಸು ಮೊರಬಕ್ಕೆ ಬರುವ ಹೊತ್ತಿಗೆ ಬಾಗಿಲಲ್ಲೇ ಜನ ಜೋತಾಡುತ್ತಿರುತ್ತಾರೆ. ಮನೆಗೆ ಆಗತಾನೆ ಹೊಸ ಕಾರು ಬಂದಿತ್ತು. ಅವಳ ಅಪ್ಪ ಮೊದಲನೇ ದಿನವೇ ಬಂದು ನನ್ನೆದುರು ಠರಾವು ಹೇಳಿದರು: "ಸರ್, ನಿಮ್ಮ ಸಹಿ ಬಿದ್ರ ಕಾರು ಈಕಿ ಕೈಗೆ. ದಿನಾ ಕಾರಿನ್ಯಾಗ ಕಾಲೇಜಿಗೆ ಹೋಗ್ಲಿ. ಬೀಳಲಿಲ್ಲಂದ್ರ ಕಾರು ಅವರಣ್ಣಗ. ಈಕಿ ಬಸ್ಸಿಗೆ ಜೋತ್ ಬೀಳ್ಲಿ."

ಹುಡುಗಿ ನನ್ನ ಮುಖ ನೋಡಿದಳು. ನಾನು ಕೋನುಗಳನ್ನು ಎಣಿಸತೊಡಗಿದೆ.

ಹಿಂದೆ ನೋಡುವ ಹುಡುಗ

ಗುಡಗೇರಿ ಕಡೆಯ ಹುಡುಗ ಮೀಸೆ ಮೂಡುವ ಮೊದಲೇ ಅಪ್ಪನ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದವನು. ಸ್ಟೇರಿಂಗ್ ಹಿಡಿದ ಕೈಯಲ್ಲಿ ಒಂದಿಷ್ಟೂ ಅಳುಕಿಲ್ಲ. ಕಾರು ಹೊರಟಿತು. ಹೊರಟ ಕೂಡಲೇ ಅವನು ಸೀಟಿನಲ್ಲಿ ಅರ್ಧ ತಿರುಗಿ, ಎಡಗೈ ಸೀಟಿನ ಬೆನ್ನಿಗೆ ಹಾಕಿ, ಹಿಂದಿನ ಗಾಜಿನ ಕಡೆ ನೋಡುತ್ತ ಕೂತ. ಕಾರು ಮುಂದಕ್ಕೆ ಹೋಗುತ್ತಿತ್ತು.

ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಸಿಟ್ಟು ಬಂದರೆ ಮೊದಲು ಅದೇ ಬರುತ್ತದೆ. "ಲುಕ್ ಅಹೆಡ್!" ಎಂದೆ.

ಅವನು ಹಿಂದೆ ನೋಡುತ್ತಲೇ, "ಏನಂದ್ರಿ ಸರ್?" ಎಂದ.

"ಮುಂದ ನೋಡೋ ಮಾರಾಯ!"

"ಮುಂದ ಏನೈತ್ರಿ ಸರ್? ಖಾಲಿ ಐತಿ. ಕೆಲಸೆಲ್ಲಾ ಹಿಂದ ಇರ್ತೈತಿ. ರಂಟಿ ನೆಟ್ಟಗ ಬರಾಕತ್ತೈತೋ ಇಲ್ಲೋ ನೋಡಬ್ಯಾಡ್ರೇನು?"

ಕಾರಿನ ಹಿಂದೆ ಉಳುವ ರಂಟೆ ಕಟ್ಟಿಲ್ಲ ಎಂದು ತಿಳಿಸಿ ಹೇಳಲು ಆ ಮುಂಜಾನೆ ಪೂರ್ತಿ ಹೋಯಿತು. ಮಧ್ಯಾಹ್ನ ಬೇಸತ್ತು, "ರಿವರ್ಸ್ ಹಾಕಿ ಕೋನಿನ ನಡುವೆ ಬಾ, ನೋಡೂಣು" ಎಂದೆ. ಬಂದ. ಹಾವಿನ ಹಾಗೆ, ಇಪ್ಪತ್ತು ಕೋನುಗಳ ನಡುವೆ, ಒಂದಕ್ಕೂ ತಾಗಿಸದೆ, ನಾನು ಕಾರ್ಖಾನೆಯಲ್ಲೂ ಕಾಣದ ವೇಗದಲ್ಲಿ ಬಂದ. ಕೆಳಗಿಳಿದು ಕೈ ಕಟ್ಟಿ ನಿಂತು ಕೇಳಿದ: "ಸರ್, ಪರೀಕ್ಷಾ ಹಿಂಗ ಕೊಟ್ರ ನಡೀತೈತೇನ್ರಿ?"

ಅಣ್ಣನ ಕಾಲ್ಬೆರಳು

ಈಗಿನ ಕಾರುಗಳಲ್ಲಿ ಗಾಲಿ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ ಇರುತ್ತದೆ. ಆಪತ್ತಿನಲ್ಲಿ ಬ್ರೇಕನ್ನು ಕಾಲಿನ ಶಕ್ತಿಯೆಲ್ಲ ಹಾಕಿ ಒತ್ತಬೇಕು, ಒತ್ತಿಯೇ ಹಿಡಿಯಬೇಕು. ಪೆಡಲು ಕಾಲಡಿಯಲ್ಲಿ ಕಟಕಟ ನಡುಗುತ್ತದೆ, ನಡುಗಲಿ. ಇದು ನನ್ನ ಎರಡನೇ ಪಾಠ, ಮೊದಲ ದಿನದ ಇಳಿಹೊತ್ತಿನದು.

ಮೊರಬದ ಹುಡುಗಿ ಬ್ರೇಕನ್ನು ಮಲಗಿದ ಕೂಸಿನ ಬೆನ್ನು ತಟ್ಟಿದ ಹಾಗೆ ಒತ್ತುತ್ತಿದ್ದಳು. ಕಾರು ಕೋನುಗಳನ್ನು ದಾಟಿ, ನನ್ನನ್ನು ದಾಟಿ, ಜಾಲಿ ಗಿಡದ ನೆರಳಿಗೆ ಹೋಗಿ ನಿಲ್ಲುತ್ತಿತ್ತು.

"ಯಾಕವಾ, ಜೋರ್ ಒತ್ತಾಕ ಏನಾಗೈತಿ?"

"ಜೋರ್ ಒತ್ತಿದ್ರ ಲೈನರ್ ಸವೀತೈತಂತ ಅಪ್ಪಾರು ಹೇಳ್ಯಾರ್ರಿ."

ಸಂಜೆ ಅಪ್ಪನ ಫೋನ್ ಬಂತು. ದಿನಾ ಬರುತ್ತಿತ್ತು. "ಹೆಂಗ್ ಕಲಿಯಾಕತ್ತಾಳ್ರಿ ನಮ್ಮ ಹುಡುಗಿ?"

"ಎಲ್ಲಾ ಛಲೋ. ಬ್ರೇಕ್ ಮಾತ್ರ ಒತ್ತಂಗಿಲ್ರಿ."

"ಶಾಣ್ಯಾ ಐತ್ರಿ ಕೂಸು!" ಎಂದರು ಅಪ್ಪ.

ಮರುದಿನ ನಾನು ಕಠಿಣವಾಗಿಯೇ ಹೇಳಿದೆ: "ಹಿಂಗಾದ್ರ ಸಹಿ ಇಲ್ಲ. ಕಾರು ನಿಮ್ಮಣ್ಣಗ ಹೋಗ್ತೈತಿ." ಅವಳು ಕಾರು ಹತ್ತಿದಳು, ವೇಗ ಹಿಡಿದಳು. ಬ್ರೇಕ್ ಒತ್ತುವ ಸನ್ನೆಯಾಗಿ ನಾನು ಬಾವುಟ ಇಳಿಸಿದೆ. ಕಾರಿನ ಮೂತಿ ನೆಲಕ್ಕೆ ಬಾಗಿತು, ಗಾಲಿಗಳು ಕಿರ್ರೆಂದವು, ಕೋನುಗಳಿಗೆ ಎರಡು ಮಾರು ದೂರದಲ್ಲೇ ನೆಟ್ಟ ಕಂಬದಂತೆ ನಿಂತಿತು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಎದ್ದು ನಿಂತು ನೋಡಿದರು.

"ಶಾಬಾಸ್! ಏನ್ ನೆನಸ್ಕೊಂಡಿ?" ಎಂದು ಕೇಳಿದೆ.

"ಪೆಡಲ್ ಅನ್ನೂದು ಅಣ್ಣನ ಕಾಲ್ಬೆರಳು ಅಂತ ತಿಳ್ಕೊಂಡೆ ರಿ."

ಅಜ್ಜಿಯ ಪರವಾನಗಿ

ಎರಡು ದಿನ ಬಿಸಿಲು ಬಿದ್ದಿತ್ತು. ಮೂರನೇ ದಿನ ಮುಂಜಾನೆ ಏಳಕ್ಕೆ ಹೋಗಿ ನೋಡಿದರೆ ನನ್ನ ರಸ್ತೆ ಇಲ್ಲ. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕಿತ್ತು ತಂದ ಹೆಸರುಕಾಳಿನ ಗಿಡ ಹರಡಿದೆ. ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕು ಕಾಯಿ ಒಡೆದು ಕಾಳು ಉದುರಲಿ ಎಂದು ಹರಡುವುದು ನಮ್ಮ ಕಡೆಯ ರೂಢಿ. ಬದಿಯಲ್ಲಿ ಒಬ್ಬ ಅಜ್ಜಿ ಸೆರಗು ತಲೆಗೆ ಹೊದ್ದು ಕೂತಿದ್ದಳು.

"ಯವ್ವಾ, ಇಲ್ಲಿ ರಾಶಿ ಮಾಡಂಗಿಲ್ಲ. ಇದು ತರಬೇತಿ ರಸ್ತಿ. ನನ್ನ ಹತ್ರ ಪಂಚಾಯ್ತಿ ಪತ್ರ ಐತಿ."

"ಓದ್ ನೋಡೂಣು ಮಾಸ್ತರ."

ನಾನು ಪತ್ರ ತೆಗೆದು ಮೊದಲಿನಿಂದ ಕಡೆಯ ಮೊಹರಿನವರೆಗೆ ಓದಿದೆ. ಅಜ್ಜಿ ಕಣ್ಣು ಮುಚ್ಚಿ ಪುರಾಣ ಕೇಳಿದಂತೆ ಕೇಳಿದಳು. ಆಮೇಲೆ ಹೇಳಿದಳು: "ಹೆಸರು ಹಾಕಬ್ಯಾಡ ಅಂತ ಇದರಾಗ ಎಲ್ಲೂ ಬರಲಿಲ್ಲಲ್ಲೋ."

ಇನ್ನೊಮ್ಮೆ ಓದಿಕೊಂಡೆ. ಬಂದಿರಲಿಲ್ಲ. ಬರೆದದ್ದಕ್ಕೆ ಬದ್ಧನಾಗಿರಬೇಕು ಎಂದು ಜೀವಮಾನವಿಡೀ ಹೇಳಿಕೊಂಡು ಬಂದವನು ನಾನು. ಅಲ್ಲದೆ ನಿಜ ಹೇಳುವುದಾದರೆ, ಒಣಗಿದ ಹೆಸರುಕಾಯಿಯ ಮೇಲೆ ಕಾರು ಜಾರಿದಷ್ಟು ಚೆನ್ನಾಗಿ ಮಳೆನೀರಿನ ಮೇಲೂ ಜಾರುವುದಿಲ್ಲ. ಸೈಲೆನ್ಸರಿನ ಬಿಸಿಗೆ ಹೊಟ್ಟು ಹೊತ್ತಿಕೊಳ್ಳಬಾರದೆಂದು ಎರಡು ಕೊಡ ನೀರು ತರಿಸಿಟ್ಟು, ಪ್ರತಿ ಸುತ್ತಿಗೂ ಕಾರಿನ ಅಡಿ ಬಗ್ಗಿ ನೋಡಿ, ಅಲ್ಲೇ ಪಾಠ ಶುರು ಮಾಡಿದೆ. ಹಿಂದಿನ ಗಾಲಿ ಯಾವ ಕಡೆ ಜಾರುತ್ತದೋ ಸ್ಟೇರಿಂಗ್ ಆ ಕಡೆ ತಿರುಗಿಸಬೇಕು, ಕಣ್ಣು ಹೋಗಬೇಕಾದ ಕಡೆ ಇರಬೇಕು. ನಾನು ಒಂದು ಹೇಳಿದರೆ ಅಜ್ಜಿ ಇನ್ನೊಂದು ಹೇಳುತ್ತಿದ್ದಳು: "ಆ ಅಂಚು ತುಳದಿಲ್ಲ ನೋಡು. ಇನ್ನೊಂದ್ ಸುತ್ತ ಹಾಕ್ಸು ಮಾಸ್ತರ."

ಮರುದಿನ ಮುಂಜಾನೆ ನಾನು ಹೋಗುವಷ್ಟರಲ್ಲಿ ನಾಲ್ಕು ಮನೆತನದವರು ಗಿಡದ ಹೊರೆ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಪರೀಕ್ಷೆಯ ದಿನ, ಇವತ್ತು ಆಗುವುದಿಲ್ಲ ಎಂದೆ. ಒಬ್ಬರು ಸಮಾಧಾನದ ಧ್ವನಿಯಲ್ಲಿ, "ಪರೀಕ್ಷಾ ಮುಗದ ಮ್ಯಾಲರ ಆಗ್ಲಿ ಬಿಡ್ರಿ. ಆದ್ರ ಹಿಂದ ನೋಡ್ಕೊಂತ ಹೊಡಿಯೋ ಆ ಹುಡುಗ ಬ್ಯಾಡ್ರಿ. ಆ ಹುಡುಗೀನ್ನ ಕಳಸ್ರಿ. ಆಕಿ ಬ್ರೇಕ್ ಹಿಡದ್ರ ಒಂದ್ ಕಾಯಿ ಉಳ್ಯಂಗಿಲ್ಲಂತ" ಎಂದರು.

ಜಾರಿದ್ದು ಯಾರು?

ಮೂರನೇ ದಿನದ ಸಂಜೆ, ಅಜ್ಜಿ ಹೆಸರು ಬಳಿದುಕೊಂಡು ಹೋದ ಮೇಲೆ, ಅವರವರ ಮನೆಯ ಕಾರಿನಲ್ಲೇ ಅಭ್ಯಾಸ. ಅಣ್ಣಿಗೇರಿಯ ಹುಡುಗನ ಕಾರು ಮನೆಗೆ ಬಂದು ಎರಡು ವರ್ಷವಾಗಿತ್ತು, ಸೀಟಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. "ತಗಿ ಅದನ್ನ" ಎಂದೆ. "ತಗದ್ರ ಕಾರು ಹಳೇದಾಗ್ತೈತಂತ್ರಿ. ಅಜ್ಜ ಬೈತಾನ್ರಿ" ಎಂದ.

ಬಾವುಟ ಇಳಿಸಿದೆ. ಹುಡುಗ ಹೇಳಿಕೊಟ್ಟಂತೆಯೇ ಒತ್ತಿದ. ಕಾರು ನಿಂತಿತು, ಹುಡುಗ ನಿಲ್ಲಲಿಲ್ಲ. ಬೆಲ್ಟಿನ ಅಡಿಯಿಂದ ಸರ್ರನೆ ಕೆಳಗಿಳಿದ. ಓಡಿಹೋಗಿ ನೋಡಿದರೆ ಗದ್ದ ಬೆಲ್ಟಿನ ಮೇಲಿದೆ, ಮೊಣಕಾಲು ಸ್ಟೇರಿಂಗಿನ ಅಡಿ ಸಿಕ್ಕಿದೆ.

"ಪೆಟ್ಟಾತೇನೋ?"

"ಇಲ್ರಿ ಸರ್" ಎಂದ ಅಲ್ಲಿಂದಲೇ. "ಪ್ಲಾಸ್ಟಿಕ್ ಹರದೈತೇನ್ ನೋಡ್ರಿ ಮೊದಲ."

ಪರೀಕ್ಷೆ

ನಾಲ್ಕನೇ ದಿನ ಹುಡುಗರಿಬ್ಬರೂ ಪಾಸಾದರು. ಗುಡಗೇರಿಯವನು ಕತ್ತು ತಿರುಗದಿರಲೆಂದು ಟವೆಲ್ ಸುತ್ತಿಕೊಂಡು ಬಂದಿದ್ದ. ಉಳಿದವಳು ಮೊರಬದ ಹುಡುಗಿ.

ಪರೀಕ್ಷೆ ನನ್ನ ಕಾರಿನಲ್ಲೇ. ಐವತ್ತರ ವೇಗ, ನಾನು ಕೋನುಗಳ ಹತ್ತಿರ ನಿಂತು ಬಾವುಟ ಇಳಿಸಿದ ಮೇಲೆ ಬ್ರೇಕು, ಗೆರೆಯೊಳಗೆ ನಿಲ್ಲಬೇಕು. ಮೂರು ಸರದಿ. ಎರಡು ತಪ್ಪಿದರೆ ಫೇಲು. ಮನೆಯವರೊಬ್ಬರು ಪಕ್ಕದಲ್ಲಿ ಕೂರಬಹುದು, ಮಾತಾಡಬಾರದು. ದಿನಾ ಗಾಡಿ ಹೊಡೆಯುವಾಗ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರಲ್ಲ ಎಂದು ನಾನೇ ಮಾಡಿದ ನಿಯಮ.

"ನನ್ನ ಮಗಳ ಪರೀಕ್ಷಾ. ಬಾಜೂಕ ನಾನ ಕುಂಡ್ರಾಂವ" ಎಂದರು ಅಪ್ಪ. ಮಾತಾಡುವುದಿಲ್ಲ ಎಂಬುದಕ್ಕೆ ಖಾತ್ರಿಯಾಗಿ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡರು. ಚಪ್ಪಲಿಯನ್ನು ರಸ್ತೆಯ ಮೇಲೆ ಜೋಡಿಸಿ ಬಿಟ್ಟು, ಗುಡಿಗೆ ಹೋದಂತೆ ಬರಿಗಾಲಲ್ಲಿ ಕಾರು ಹತ್ತಿ ಬೆಲ್ಟ್ ಹಾಕಿಕೊಂಡರು.

ಮೊದಲ ಸರದಿ. ಕಾರು ಹೊರಟಿತು, ವೇಗ ಹಿಡಿಯಿತು, ನಾನು ಬಾವುಟ ಎತ್ತಿ ಹಿಡಿದಿದ್ದೇನೆ, ಅಷ್ಟರಲ್ಲೇ ನಡುದಾರಿಯಲ್ಲಿ ಗಕ್ಕನೆ ನಿಂತಿತು. ನಾನು ಪುಸ್ತಕದಲ್ಲಿ "ತಪ್ಪು" ಎಂದು ಬರೆದೆ.

ಎರಡನೆಯದು. ಈ ಸಲ ಮೂವತ್ತನ್ನೂ ಮುಟ್ಟಲಿಲ್ಲ. ಮೂತಿ ಬಾಗಿತು, ನಿಂತಿತು. "ತಪ್ಪು" ಎಂದು ಬರೆಯಲು ಪೆನ್ನು ಇಟ್ಟೆ. ಹುಡುಗಿ ಗಾಜು ಇಳಿಸಿದಳು. ಕಣ್ಣು ತುಂಬಿತ್ತು.

"ಸರ್, ನಾ ಒತ್ತಿಲ್ರಿ. ಪೆಡಲ್ ತಾನ ಒಳಗ ಹೋಗಾಕತ್ತೈತ್ರಿ."

ಕಾರಿಗೆ ದೆವ್ವ ಹಿಡಿಯುವುದಿಲ್ಲ. ಪೆಡಲು ತಾನಾಗಿ ಒಳಗೆ ಹೋಗಲು ಒಂದೇ ಕಾರಣವಿದೆ. ಕಲಿಸುವವನಿಗೆಂದು ನನ್ನ ಕಾರಿನ ಎಡಬದಿಗೂ ಒಂದು ಬ್ರೇಕ್ ಇದೆ, ಎರಡಕ್ಕೂ ಒಂದೇ ಸರಳು. ನಾನು ಸುತ್ತಿ ಹೋಗಿ ಎಡಗಡೆಯ ಬಾಗಿಲು ತೆಗೆದೆ. ಅಪ್ಪನ ಬರಿಗಾಲು ಆ ಪೆಡಲಿನ ಮೇಲಿತ್ತು. ಬೆರಳುಗಳೆಲ್ಲ ಮಡಚಿ ಅದನ್ನು ಹಿಡಿದುಕೊಂಡಿದ್ದವು. ಕಾರು ನಿಂತು ಎಷ್ಟೋ ಹೊತ್ತಾಗಿತ್ತು.

"ಏನ್ರಿ ಇದು?"

ಅಪ್ಪ ಇಳಿದು ಹೊಲದ ಬದುವಿಗೆ ಹೋಗಿ ಬಾಯಿ ಖಾಲಿ ಮಾಡಿಕೊಂಡು ಬಂದರು. "ಮೊದಲನೇ ಸಲ ಕಾಲಿಡಾಕ ಕೊಟ್ಟಾರ ಅಂತ ತಿಳ್ಕೊಂಡೆ ರಿ."

"ಎರಡನೇ ಸಲ?"

"ಎರಡನೇ ಸಲ ತಿಳದ ಒತ್ತಿದೆ ರಿ. ಹೆದರಿಕಿ ಆತು."

"ಅಪ್ಪಾ!" ಎಂದಳು ಹುಡುಗಿ. ಆ ಒಂದು ಮಾತಿನಲ್ಲಿ ಮುಂದಿನ ನಾಲ್ಕು ವರ್ಷದ ಕಾಲೇಜಿನ ಬಸ್ಸಿನ ಬಾಗಿಲು ಪೂರ್ತಿ ಇತ್ತು.

ನಾನು ಯೋಚಿಸಿದೆ. ಪಕ್ಕದಲ್ಲಿ ಕೂರಬಹುದು ಎಂದು ನಿಯಮ ಮಾಡಿದವನು ನಾನು. ಆ ಪೆಡಲಿನ ಮೇಲೆ ಒಂದು ಡಬ್ಬಿ ಮುಚ್ಚಿಡಬೇಕಾದವನೂ ನಾನೇ. ಪುಸ್ತಕದಲ್ಲಿ ಎರಡೂ ಸರದಿ ಹೊಡೆದುಹಾಕಿ "ರದ್ದು, ಪರೀಕ್ಷಕನ ತಪ್ಪು" ಎಂದು ಬರೆದೆ. ಹಾಗೆ ಬರೆದದ್ದು ಅದೇ ಮೊದಲು.

ಮತ್ತೆ ಮೂರು ಸರದಿ. ಈಗ ಅಪ್ಪ ಹೊರಗೆ, ನನ್ನ ಪಕ್ಕದಲ್ಲಿ ನಿಂತಿದ್ದರು. ಕಾರು ಬರುವಾಗಲೆಲ್ಲ ನನ್ನ ತೋಳು ಹಿಡಿದು ಬಲಗಾಲಿನಿಂದ ನೆಲ ಒತ್ತುತ್ತಿದ್ದರು. ಹುಡುಗಿ ಮೂರೂ ಸಲ ಗೆರೆಗೆ ಒಂದು ಮೊಳ ಮೊದಲೇ ನಿಲ್ಲಿಸಿದಳು. ಎರಿ ಮಣ್ಣಿನಲ್ಲಿ ಅಪ್ಪನ ಹಿಮ್ಮಡಿಯ ಗುಣಿ ಬಿದ್ದಿತ್ತು. ನಾನು ಸಹಿ ಹಾಕಿದೆ.

ಅಪ್ಪ ಮಾತಿಗೆ ತಪ್ಪುವವರಲ್ಲ. ಅಂಗಿಯ ಜೇಬಿನಿಂದ ಹೊಸ ಕಾರಿನ ಚಾವಿ ತೆಗೆದು ಕಣ್ಣಿಗೊತ್ತಿಕೊಂಡು ಮಗಳ ಕೈಗೆ ಕೊಟ್ಟರು. "ನಡೀವಾ, ಮನಿಗೆ ಹೋಗೂಣು" ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿ ಕೂತರು. ಹುಡುಗಿ ಕಾರು ಚಾಲೂ ಮಾಡಿದಳು. ಅಪ್ಪನ ಕಾಲು ಕೆಳಗೆ ಅತ್ತ ಇತ್ತ ತಡಕಾಡುತ್ತಿರುವುದು ನನಗೆ ಕಾಣಿಸಿತು. ಬಗ್ಗಿ ಕೈಯಿಂದಲೂ ತಡವಿ ನೋಡಿದರು. ಆಮೇಲೆ ಗಾಜು ಇಳಿಸಿದರು.

"ಸರ್, ಇದರಾಗ ಈ ಬಾಜು ಬ್ರೇಕ ಇಲ್ಲಲ್ಲರಿ!"

"ಯಾರ ಕಾರಿನ್ಯಾಗೂ ಇರೂದಿಲ್ರಿ."

ಅಪ್ಪ ಬಾಗಿಲು ತೆಗೆದು ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡರು. "ಕಾರು ನಿಂದವಾ, ಮಾತು ಅಂದ್ರ ಮಾತು. ನೀ ಮುಂದ ನಡಿ. ನಾ ಬಸ್ಸಿಗೆ ಬರ್ತೀನಿ."

"ಅಪ್ಪಾ, ಬಸ್ಸಿನ್ಯಾಗರ ನಿನಗ ಬ್ರೇಕ್ ಎಲ್ಲಿರ್ತೈತಿ?" ಎಂದಳು ಮಗಳು.

"ಇರೂದಿಲ್ಲವಾ" ಎಂದರು ಅಪ್ಪ. "ಆದ್ರ ಅದನ್ನ ಹೊಡ್ಯಾಂವ ಬ್ಯಾರೇದವ್ರ ಮಗ."