ಕೆಮ್ಮುವ ಡ್ರೈಯರ್

ಸಿಂಧನೂರಿನಲ್ಲಿ ಇದ್ದುಕೊಂಡು ಬಟ್ಟೆ ಒಣಗಿಸಲು ಯಂತ್ರ ಇಟ್ಟುಕೊಂಡಿದ್ದೇನೆ ಎಂದು ಹೇಳಿಕೊಳ್ಳಲು ಸ್ವಲ್ಪ ಧೈರ್ಯ ಬೇಕು. ತುಂಬಿ ಹರಿಯುವ ಕಾಲುವೆಯ ದಂಡೆಯಲ್ಲಿ ನಿಂತು ನೀರಿನ ಬಾಟಲಿ ಕೊಳ್ಳುವವರನ್ನು ಜನ ಹೇಗೆ ನೋಡುತ್ತಾರೋ ನನ್ನನ್ನೂ ಹಾಗೆಯೇ ನೋಡುತ್ತಾರೆ. ನಾನು ದಿನಾ ಬಸ್ಸಿನಲ್ಲಿ ಮಸ್ಕಿಗೆ ಹೋಗಿ ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ಬರುವವಳು. ಅಲ್ಲಿ ಪಾಮನಕಲ್ಲೂರಿನ ಸಹೋದ್ಯೋಗಿಯೊಬ್ಬರು ವಿಷಯ ತಿಳಿದ ದಿನ ಊಟದ ಡಬ್ಬಿ ಮುಚ್ಚಿಟ್ಟು ಕೇಳಿದರು: “ಅಲ್ರಿ ಮೇಡಂ, ನಮ್ಮೂರಾಗ ಸೀರಿ ಹಿಂಡಿ ಈ ತುದಿ ಹಗ್ಗಕ್ಕ ಹಾಕೂದರಾಗ ಆ ತುದಿ ಒಣಗಿರ್ತೈತಿ. ನಿಮಗ ಬಿಸಲು ಸಾಲವಲ್ದೇನು?”

ಬಿಸಿಲು ಸಾಲುತ್ತದೆ. ತೊಂದರೆ ಬಿಸಿಲಿನ ಜೊತೆ ಉದುರುವ ಬೂದಿಯದು. ನಮ್ಮ ಓಣಿಯ ಆಚೆಗೆ ಅಕ್ಕಿ ಗಿರಣಿಗಳಿವೆ. ಅವುಗಳ ಕೊಳವೆಯಿಂದ ಸುಟ್ಟ ಹೊಟ್ಟಿನ ಕರಿ ಚೂರುಗಳು ಸದ್ದಿಲ್ಲದೆ ಬಂದು ಮಾಳಿಗೆಯ ಮೇಲೆ ಕೂರುತ್ತವೆ. ನಮ್ಮ ಯಜಮಾನರದು ಗಂಜ್ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ, ಉಡುವುದೆಲ್ಲ ಬಿಳಿಯದೇ. ಅವರ ಅಂಗಿ ಒಣಗಿ ಕೆಳಗಿಳಿಯುವಷ್ಟರಲ್ಲಿ ಎಳ್ಳು ಹಚ್ಚಿದ ರೊಟ್ಟಿಯಂತಾಗಿರುತ್ತಿತ್ತು. ಹೈದರಾಬಾದಿನಲ್ಲಿದ್ದ ನನ್ನ ತಂಗಿ ಮನೆ ಖಾಲಿ ಮಾಡುವಾಗ, “ಅಕ್ಕಾ, ಡ್ರೈಯರ್ ಒಯ್ತೀಯೇನು?” ಎಂದಳು. ನಾನು ಹಿಂದೆ ಮುಂದೆ ನೋಡದೆ ಹೂಂ ಅಂದುಬಿಟ್ಟೆ.

ಅದನ್ನು ಇಡುವುದಕ್ಕೆ ಸಿಕ್ಕಿದ್ದು ಮಾವನವರ ಕೋಣೆ. ಕೂಲರಿಗೆಂದು ಹಾಕಿಸಿದ ದೊಡ್ಡ ಪ್ಲಗ್ಗು ಇದ್ದದ್ದು ಅಲ್ಲೊಂದೇ. ಮಾವನವರು ಲಿಂಗೈಕ್ಯರಾದ ಮೇಲೆ ಆ ಕೋಣೆಯನ್ನು ಯಾರೂ ಬಳಸುತ್ತಿರಲಿಲ್ಲ. ಮಂಚ ಬಿಚ್ಚಿ ಗೋಡೆಗೆ ಒರಗಿಸಿದೆವು. ಅದರ ಜಾಗದಲ್ಲಿ ಡ್ರೈಯರ್ ಕೂತಿತು. ಬಿಸಿಗಾಳಿ ಹೊರಹೋಗುವ ಪೈಪನ್ನು ಅವರು ಕೂತು ಬೀಡಿ ಸೇದುತ್ತಿದ್ದ ಕಿಟಕಿಯಿಂದ ಆಚೆ ಬಿಟ್ಟೆವು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟು ಕಂಡಿತೋ ಗೊತ್ತಿಲ್ಲ.

ಮಾವನವರ ಬಗ್ಗೆ ಇಷ್ಟು ಹೇಳಬೇಕು. ಅವರು ಮಾತಿಗಿಂತ ಕೆಮ್ಮಿನಲ್ಲೇ ಸಂಸಾರ ಮಾಡಿದವರು. ಹೊರಗಿನಿಂದ ಬಂದರೆ ಹೊಸ್ತಿಲಾಚೆ ನಿಂತು ಗಂಟಲು ಸರಿಮಾಡಿಕೊಂಡು ಒಂದು ಸಲ “ಖ್ಹೂಂ” ಎನ್ನುತ್ತಿದ್ದರು. ಆ ಸದ್ದಿಗೆ ನಾನು ಎಲ್ಲಿದ್ದರೂ ಎದ್ದು ತಲೆ ಮೇಲೆ ಸೆರಗು ಹೊದೆಯುತ್ತಿದ್ದೆ. ಏನಾದರೂ ಕೇಳಿದರೆ ಒಂದು ಕೆಮ್ಮು ಅಂದರೆ ಆಗಲಿ, ಎರಡು ಕೆಮ್ಮು ಅಂದರೆ ಬೇಡ. ಅತ್ತೆ ಅಷ್ಟರಲ್ಲೇ ಬಾಳುವೆ ಮಾಡಿ ಮಕ್ಕಳ ಮದುವೆಗಳನ್ನೂ ಮುಗಿಸಿದ್ದರು.

ಒಂದು ರವಿವಾರ, ಓಣಿಯಲ್ಲಿ ನಾಯಿ ಕೂಡ ಅಲ್ಲಾಡದ ಮಧ್ಯಾಹ್ನ, ಬಟ್ಟೆ ತುಂಬಿ ಗುಂಡಿ ಒತ್ತಿದೆ. ಯಂತ್ರ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಅದರ ಹೊಟ್ಟೆಯೊಳಗಿನಿಂದ ಕಫ ಕಟ್ಟಿದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಖ್ಹೂಂ. ಡ್ರಮ್ಮು ತಿರುಗತೊಡಗಿತು. ನನ್ನ ಕೈ ನನ್ನನ್ನು ಕೇಳದೆ ತಲೆ ಮೇಲೆ ಸೆರಗು ಎಳೆದಿತ್ತು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಒಂದು ಡಬ್ಬಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ಅಡಿಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಯ ಮೊರದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಬಂದರು, ಕೈಯಲ್ಲಿ ತುಂಬಿದ ಚೊಂಬು. ಅದನ್ನು ಯಂತ್ರದ ಮೇಲಿಟ್ಟು, “ಬಿಸಲಾಗ ಬಂದಾರ. ನೀರು ಕೊಡಬಾರದೇನವಾ?” ಎಂದರು.

ಕರೆಂಟಿನ ಯಂತ್ರದ ಮೇಲೆ ನೀರಿಡಬಾರದು ಎಂಬ ಒಂದೇ ಶಾಸ್ತ್ರ ಆ ಹೊತ್ತಿಗೆ ನನಗೆ ನೆನಪಾದದ್ದು. ಚೊಂಬು ಎತ್ತಿಕೊಂಡೆ. ಸೆರಗು ಮಾತ್ರ ಇಳಿಸಲಿಲ್ಲ.

ಅಂದಿನಿಂದ ಮನೆಯ ರೀತಿಯೇ ಬದಲಾಯಿತು. ಯಜಮಾನರಿಗೆ ಗುಟ್ಕಾದ ಚಟ. ತಂದೆ ಹೋದ ಮೇಲೆ ಪಡಸಾಲೆಯಲ್ಲೇ ಕೂತು ಮೆಲ್ಲುವಷ್ಟು ಧೈರ್ಯ ಬಂದಿತ್ತು. ಮೊದಲ ಸಲ ಆ ಕೆಮ್ಮು ಕೇಳಿದಾಗ ಐವತ್ತು ದಾಟಿದ ಮನುಷ್ಯ ಹಿತ್ತಲಿಗೆ ಓಡಿ ಉಗುಳಿ ಬಾಯಿ ಮುಕ್ಕಳಿಸಿ ಬಂದರು. “ಬೆಲ್ಟು ಸಡ್ಲಾಗಿ ಜಾರತೈತ್ರಿ, ಅದಕ್ಕ ಆ ಸಪ್ಪಳ” ಎಂದು ನಾನು ತಿಳಿಸಿ ಹೇಳಿದೆ. “ಹೌದು, ಬೆಲ್ಟ. ಆದ್ರ ಬಿಚ್ಚಬ್ಯಾಡ” ಎಂದರು. ಅತ್ತೆಯಂತೂ ಕಾಲೇಜಿನಿಂದ ನಾನು ಬರುವುದರೊಳಗೆ ಯಂತ್ರ ಶುರು ಮಾಡುವುದನ್ನು ಕೈತಡವಿಯೇ ಕಲಿತುಬಿಟ್ಟರು. ಕದ ಮುಂದೆ ಮಾಡಿಕೊಂಡು ಅದರ ಎದುರು ಚಾಪೆ ಹಾಕಿ ಕೂತು ಸಂತೆಕಲ್ಲೂರಿನ ತವರಿನ ಸುದ್ದಿ, ಯಾರ ಮನೆಯ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡು ಹೋದಳು, ಎಲ್ಲ ಹೇಳುತ್ತಿದ್ದರು. ನಡುನಡುವೆ ಸುಮ್ಮನಾಗಿ ಕಾಯುತ್ತಿದ್ದರು. ಯಂತ್ರ ಕೆಮ್ಮುತ್ತಿತ್ತು. “ಹೌದಲ್ಲ, ನಾನೂ ಅದನ್ನ ಅಂದೆ” ಎನ್ನುತ್ತಿದ್ದರು.

ಇದೆಲ್ಲವನ್ನೂ ನಕ್ಕು ಬಿಡಬಹುದಿತ್ತು. ಆದರೆ ಲಿಂಗಸುಗೂರಿನ ಕಣ್ಣಿನ ಡಾಕ್ಟರು ಅತ್ತೆಯ ಕಣ್ಣಿಗೆ ಬೇಗ ಆಪರೇಶನ್ ಆಗಬೇಕು, ತಡಮಾಡಿದರೆ ಇರುವ ಬೆಳಕೂ ಹೋದೀತು ಎಂದಿದ್ದರು. ಅತ್ತೆ ಒಪ್ಪಲಿಲ್ಲ. “ಕೇಳೀನಿ. ಎರಡು ಸಲ ಕೆಮ್ಮ್ಯಾರ. ಬ್ಯಾಡ ಅಂದಾರ” ಎಂದರು. ಇದಕ್ಕೆ ಎದುರಾಗಿ ಯಾವ ವಾದ ಹೂಡುವುದು? ಬದುಕಿದ್ದಾಗ ಮಾವನವರ ಮಾತು ಮೀರಲು ದಾರಿ ಇರಲಿಲ್ಲ, ಈಗ ಗ್ಯಾರಂಟಿ ಅವಧಿಯೂ ಮುಗಿದಿತ್ತು.

ಖಾದರ್ ಎಂಬ ಮೆಕ್ಯಾನಿಕ್‌ನನ್ನು ಕರೆಸಿದೆ. ಕೂಲರು, ವಾಶಿಂಗ್ ಮಶೀನು ರಿಪೇರಿ ಮಾಡುವವನು. ಮಾವನವರು ದಿನಾ ಚಹಾ ಕುಡಿಯುತ್ತಿದ್ದ ಹೋಟೆಲಿನ ಎದುರಿಗೇ ಅವನ ಅಂಗಡಿ. ಹುಮ್ಮಸ್ಸಿನಿಂದ ಸ್ಕ್ರೂಡ್ರೈವರ್ ತೆಗೆದು, “ಒಮ್ಮೆ ಚಾಲೂ ಮಾಡ್ರಿ ಮೇಡಂ, ಸೌಂಡ್ ಕೇಳೋಣ” ಎಂದ. ಮಾಡಿದೆ. ಖ್ಹೂಂ. ಖಾದರ್ ಕುಕ್ಕರುಗಾಲಲ್ಲಿ ಕೂತಿದ್ದವನು ಮೆಲ್ಲಗೆ ಎದ್ದು ನಿಂತ. ತಲೆಗೆ ಕರವಸ್ತ್ರ ಹಾಕಿಕೊಂಡ. “ಮೇಡಂ, ಇವರು ನಿಮ್ಮ ಮನಿ ಅಜ್ಜಾರಲ್ರಿ?” ಎಂದು ಪಿಸುಗುಟ್ಟಿದ. ಬೆಲ್ಟು ಎಂದೆ. “ಇರಬಹುದ್ರಿ. ಆದ್ರ ನಾ ಮಶೀನ್ ಬಿಚ್ಚಾಂವ. ಹಿರ್ಯಾರ್ನ ಬಿಚ್ಚಂಗಿಲ್ರಿ” ಎಂದವನು ಸ್ಕ್ರೂಡ್ರೈವರನ್ನೂ ಅಲ್ಲೇ ಬಿಟ್ಟು ಹೋದ.

ಅದಾದ ಕೆಲವು ದಿನಕ್ಕೆ ಕಾಲೇಜಿಗೆ ಅರ್ಧ ದಿನ ರಜೆ ಸಿಕ್ಕಿ ಮಧ್ಯಾಹ್ನವೇ ಬಂದೆ. ಅಂಗಳಕ್ಕೆ ಕಾಲಿಟ್ಟಾಗಲೇ ಮೂಗಿಗೆ ಬೀಡಿಯ ವಾಸನೆ ಬಡಿಯಿತು. ನಮ್ಮ ಮನೆಯಲ್ಲಿ ಬೀಡಿ ಸೇದುವವರು ಈಗ ಯಾರೂ ಇಲ್ಲ. ಹೊಸ್ತಿಲಲ್ಲೇ ನಿಂತೆ. ಕೋಣೆಯ ಕದ ಮುಚ್ಚಿತ್ತು, ಕದದ ಸಂದಿಯಿಂದ ತೆಳ್ಳನೆಯ ಹೊಗೆ ಹೊರಬಂದು ನೆಲದ ಮೇಲೆ ತೆವಳುತ್ತಿತ್ತು. ಒಳಗೆ ಅತ್ತೆ ಮೆಲ್ಲಗೆ ಮಾತಾಡುತ್ತಿದ್ದರು. ಕದ ತೆಗೆದೆ. ಹೊಗೆಯ ನಡುವೆ ಅತ್ತೆ ಚಾಪೆಯ ಮೇಲೆ ಕೂತಿದ್ದರು. ಮುಖ ಎಳೆಯ ಹುಡುಗಿಯ ಮುಖದಂತೆ ಬೆಳಗಿತ್ತು. ನನ್ನ ಕಡೆ ತಿರುಗಿ, ಯಾರಿಗೋ ಎಚ್ಚರವಾದೀತು ಎಂಬಂತೆ ಕೈಯೆತ್ತಿ, “ಮೆಲ್ಲಕ ಬಾ ಗಿರಿಜವ್ವ. ಬೀಡಿ ಸೇದಾಕತ್ತಾರ” ಎಂದರು.

ನಾನು ಯಂತ್ರದ ಕಡೆ ಧಾವಿಸಿದೆ. ಯಂತ್ರದ ತಗಡು ಮುಟ್ಟಿದರೆ ಚರ್ಮ ಸುಡುವಷ್ಟು ಕಾದಿತ್ತು. ಪ್ಲಗ್ಗು ಹಿಡಿದು ಜಗ್ಗಿದೆ. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದೆ. ಮದುವೆಯಾಗಿ ಬಂದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ, ಅವತ್ತು ಎತ್ತಿದೆ: “ಮಶೀನು ಉರಿಯಾಕತ್ತೈತಿ, ನಿಮಗ ಹೊಗಿ ಕಾಣವಲ್ದು. ಹಿಂಗ ಕುಂತಲ್ಲೇ ಸುಟಗೊಂಡು ಸಾಯ್ತೀರೇನ್ರಿ? ನಾಳೆ ನಾನು ನಿಮ್ಮನ್ನ ಕಣ್ಣಿನ ಆಪರೇಶನ್ನಿಗೆ ಕರಕೊಂಡು ಹೋಗಾಕಿ.”

ಪ್ಲಗ್ಗು ನನ್ನ ಕೈಯಲ್ಲಿತ್ತು. ಡ್ರಮ್ಮು ನಿಂತಿತ್ತು. ಆಗ ಯಂತ್ರ ಕೆಮ್ಮಿತು. ಒಂದೇ ಸಲ.

ಇಬ್ಬರೂ ಮತ್ತೊಂದಕ್ಕಾಗಿ ಕಾದೆವು. ಬರಲಿಲ್ಲ. ಅತ್ತೆ, “ಆತು. ನಡಿ ಹೋಗೋಣ” ಎಂದರು.

ಯಂತ್ರದ ಹೊರಗಿನ ತಗಡು ಆರಿದ ಮೇಲೆ ಖಾದರ್ ಬಿಟ್ಟುಹೋದ ಸ್ಕ್ರೂಡ್ರೈವರಿನಿಂದ ನಾನೇ ಬಿಚ್ಚಿದೆ. ಬಟ್ಟೆಯಿಂದ ಉದುರುವ ನೂಲಿನ ನವಿರೆಲ್ಲ ಬಂದು ಸೇರುವ ಒಂದು ಜಾಲರಿ ಇರುತ್ತದೆ. ಪ್ರತಿ ಸಲ ಅದನ್ನು ತೆಗೆದು ಒರೆಸಬೇಕು. ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಒಳಗೆ ಕೈ ಹಾಕಿದಾಗ ಬೆರಳಿಗೆ ತಾಗಿದ್ದು ಮೆತ್ತಗಿನ, ಇನ್ನೂ ಉಗುರುಬೆಚ್ಚಗಿದ್ದ ನರೆಗೂದಲಿನಂಥ ಮುದ್ದೆ. ಯಾರದೋ ತಲೆ ಸವರಿದಂತಾಗಿ ಕೈ ಹಿಂದೆಳೆದುಕೊಂಡೆ. ಗಟ್ಟಿ ಮನಸ್ಸು ಮಾಡಿ ಹೊರಗೆ ತೆಗೆದರೆ ಅದರ ತುಂಬ ಒಣಗಿದ ಎಲೆಯ ಕಂದು ಚೂರುಗಳು, ಕೆಲವು ಸುಟ್ಟು ಕರಕಲಾಗಿದ್ದವು. ಬೀಡಿ ಎಲೆ. ಹಿಂದಿನ ಪೈಪಿನಲ್ಲೂ ಅದೇ ಕಟ್ಟಿಕೊಂಡು ಗಾಳಿಗೆ ದಾರಿಯೇ ಇರಲಿಲ್ಲ.

ಅತ್ತೆ ಆಗ ಹೇಳಿದರು. ಟ್ರಂಕಿನಲ್ಲಿ ಮಾವನವರ ಒಂದು ಧೋತರವನ್ನು ಅವರು ಕೊನೆಗೆ ಮಡಿಚಿಟ್ಟಂತೆಯೇ ಇಟ್ಟಿದ್ದರಂತೆ, ಬೀಡಿಯ ಕಟ್ಟೂ ಮಡಿಕೆಯಲ್ಲೇ ಉಳಿದಿತ್ತು. ದಿನಾ ಆ ಧೋತರವನ್ನು ಬೀಡಿ ಕಟ್ಟಿನ ಸಮೇತ ಯಂತ್ರಕ್ಕೆ ಹಾಕಿ ತೆಗೆಯುತ್ತಿದ್ದರು. “ತೆಗೆದಾಗ ಬೆಚ್ಚಗ ಇರ್ತೈತಿ ನೋಡವಾ. ಈಗ ಉಟ್ಟು ಬಿಟ್ಟಂಗ” ಎಂದರು. ನಾನು ಆ ನವಿರಿನ ಮುದ್ದೆಯನ್ನು ಕಸದ ಬುಟ್ಟಿಗೆ ಹಾಕಲು ಹೊರಟಾಗ ಕೈ ಚಾಚಿ ಇಸಿದುಕೊಂಡರು. ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡದಲ್ಲಿ ಮಣ್ಣು ಕೆದರಿ ಅದನ್ನು ಮುಚ್ಚಿದರು. ನಾನು ನೀರು ಹಾಕಿದೆ.

ಬೆಲ್ಟು ಬದಲಿಸಿದ ಮೇಲೆ ಡ್ರೈಯರ್ ಒಳ್ಳೆಯ ಸೊಸೆಯಂತೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಈ ಮೌನಕ್ಕೆ ಒಗ್ಗಿಕೊಳ್ಳುವುದೇ ಕಷ್ಟವಾಯಿತು. ಯಜಮಾನರು ಪಡಸಾಲೆಯಲ್ಲಿ ಗುಟ್ಕಾ ಬಾಯಿಗೆ ಹಾಕಿಕೊಂಡು ಕೋಣೆಯ ಕಡೆ ಕಿವಿಗೊಟ್ಟು ಕೂರುತ್ತಾರೆ. ಏನೂ ಕೇಳಿಸದಿದ್ದಾಗ, “ಯಾಕೋ ರುಚಿ ಹತ್ತವಲ್ದು” ಎಂದು ಎದ್ದು ಹೋಗಿ ಉಗುಳುತ್ತಾರೆ. ಪ್ಲಗ್ಗು ಕಿತ್ತ ಯಂತ್ರ ಹೇಗೆ ಕೆಮ್ಮಿತು ಎಂಬ ಪ್ರಶ್ನೆಗೆ, ಕಾದ ತಗಡು ಆರುವಾಗ ಸದ್ದು ಮಾಡುತ್ತದೆ ಎಂಬ ಉತ್ತರ ನನ್ನ ಬಳಿ ಸಿದ್ಧವಿದೆ. ವಿದ್ಯಾರ್ಥಿಗಳು ಕೇಳಿದರೆ ಹೇಳುತ್ತೇನೆ. ಸದ್ಯ ಯಾರೂ ಕೇಳಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನನ್ನ ಮುಖ ನೋಡಿ, “ಎಷ್ಟ ಸೊರಗೀದಿ ಬೇ” ಎಂದರು. ನನಗೆ ಕಣ್ಣು ತುಂಬಿತು. ಮನೆಗೆ ಬಂದ ಮೇಲೆ ಆ ಕಣ್ಣುಗಳು ನನ್ನ ಮುಖವನ್ನು ಬಿಟ್ಟು ಜೇಡರ ಬಲೆ, ಒಲೆಯ ಹಿಂದಿನ ಜಿಡ್ಡು, ಸಾಸಿವೆ ಡಬ್ಬಿಯ ಮುಚ್ಚಳ, ನಾನು ಮಡಿಚಿಟ್ಟ ಸೀರೆಯ ಅಂಚು ಇವುಗಳ ಮೇಲೆ ತಿರುಗಾಡತೊಡಗಿದವು. ಇಷ್ಟು ವರ್ಷ ಪೊರೆಯ ಆಚೆ ನಾನು ಎಷ್ಟು ಸುಖವಾಗಿದ್ದೆ ಎಂದು ಈಗ ತಿಳಿಯುತ್ತಿದೆ. ಮೊನ್ನೆ ಅತ್ತೆ ಪಕ್ಕದ ಮನೆಗೆ ಹೋಗಿದ್ದಾಗ ಬಟ್ಟೆ ಹಾಕಲು ಆ ಕೋಣೆಗೆ ಹೋದವಳು ಕದ ಮುಂದೆ ಮಾಡಿಕೊಂಡು ಚಾಪೆಯ ಮೇಲೆ ಕೂತು ಡ್ರೈಯರಿನ ಮುಂದೆ ಅವರ ಬಗೆಗಿನ ನನ್ನ ತಕರಾರುಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಹೇಳಿ ಮುಗಿಸಿ ಕಾದೆ. ಒಂದಾಗಲಿ ಎರಡಾಗಲಿ, ಯಾವ ಸದ್ದೂ ಬರಲಿಲ್ಲ. ಅತ್ತೆ–ಸೊಸೆಯ ನಡುವೆ ಮಾವನವರು ಬದುಕಿದ್ದಾಗಲೂ ಬಾಯಿ ಹಾಕಿದವರಲ್ಲ.