ಹಸಿರು ಚುಕ್ಕಿ ಮತ್ತು ಆಂಟಿಯ ಸಾಲಿಟೇರ್

ಇಂಥವು ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ. ಬಾಯಿಬಿಟ್ಟು ಎರಡು ಮಾತಾಡದವಳು ನಾನು. ಎಡವಟ್ಟುಗಳು ಮಾತ್ರ ಮನೆ ಹುಡುಕಿಕೊಂಡು ಅಮೆರಿಕದ ಈ ಮೆಕಿನ್ನಿ ಊರಿನವರೆಗೂ ಬರುತ್ತವೆ.

೧. ಹಳದಿ

ಟೀಮಿನಲ್ಲಿ ಇಬ್ಬರನ್ನು ಆಗಲೇ ತೆಗೆದಿದ್ದರು. ನನ್ನ ಕಾಂಟ್ರ್ಯಾಕ್ಟ್ ವಿಷಯ ಶುಕ್ರವಾರ ಹೇಳ್ತೀವಿ ಅಂದಿದ್ದರು. ಕೆಲಸ ಹೋದರೆ ವೀಸಾನೂ ಹೋದ ಹಾಗೆ. ಮನೆಯಿಂದ ಕೆಲಸ ಮಾಡುವ ನಮಗೆಲ್ಲ ಚಾಟ್‌ನಲ್ಲಿ ಹೆಸರಿನ ಪಕ್ಕ ಒಂದು ಚುಕ್ಕಿ. ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ಹಸಿರು ಹೋಗಿ ಹಳದಿ, ಅಂದರೆ ಸೀಟಿನಲ್ಲಿಲ್ಲ ಅಂತ. ಒಮ್ಮೆ ನಲವತ್ತು ಪುಟದ ಡಾಕ್ಯುಮೆಂಟ್ ಪ್ರಿಂಟ್ ತೆಗೆದು ಓದ್ತಾ ಕೂತಿದ್ದೆ. ಆಸ್ಟಿನ್ ಆಫೀಸಿನಿಂದ ಮ್ಯಾನೇಜರ್ ಕೇಳಿದರು: "ಎಲ್ಲಿದ್ದೀಯ?"

ಅವತ್ತಿಂದ ಎಡಗೈಲಿ ಡಾಕ್ಯುಮೆಂಟ್, ಬಲಗೈಲಿ ಸಾಲಿಟೇರ್, ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಇಸ್ಪೀಟು. ಆಟ ಶುರುಮಾಡಿದ ಮೇಲೇ ನಾನು ಕಷ್ಟಪಟ್ಟು ದುಡಿಯುವವಳು ಅನ್ನಿಸಿಕೊಂಡಿದ್ದು.

೨. ತಲೆಸ್ನಾನ

ರೂಮ್‌ಮೇಟ್‌ನ ಅಮ್ಮ ಮೈಸೂರಿಂದ ಬಂದಿದ್ದರು. "ಇಸ್ಪೀಟು ಆಡೋ ಮನೆ ಉದ್ಧಾರ ಆಗಲ್ಲ ಕಣಮ್ಮ" ಅಂತ ಹಿಂದೆ ನಿಂತರು. ಎರಡು ನಿಮಿಷ ಕಳೀತು.

"ಆ ಕೆಂಪು ಎಂಟನ್ನ ಕಪ್ಪು ಒಂಬತ್ತರ ಮೇಲೆ ಹಾಕೇ. ಕಣ್ಣು ಕಾಣಲ್ವಾ?"

ಮರುದಿನ ನಾಚಿಕೆ ಬಿಟ್ಟು ಕೇಳಿದೆ. "ಆಂಟಿ, ಸ್ನಾನ ಮಾಡ್ಕೊಂಡು ಬರ್ತೀನಿ, ಹತ್ತು ನಿಮಿಷ ಆಡ್ತೀರಾ? ಚುಕ್ಕಿ ಹಳದಿ ಆಗ್ಬಾರ್ದು."

"ನಿನ್ನ ಕೆಲಸ ಉಳಿಯೋದಾದ್ರೆ ಆಡ್ತೀನಿ. ನನಗೇನೂ ಆಸೆ ಇಲ್ಲ."

ಓಡೋಡಿ ಬಂದೆ. ಸ್ಕ್ರೀನಿನಿಂದ ಕಣ್ಣು ತೆಗೆಯದೆ ಆಂಟಿ ಅಂದರು: "ತಲೆ ಇನ್ನೂ ಒದ್ದೆ ಇದೆ. ಹೋಗಿ ಚೆನ್ನಾಗಿ ಒಣಗಿಸ್ಕೊಂಡು ಬಾ."

೩. ಹುಳಿ

ಸಂಜೆ ರೂಮ್‌ಮೇಟ್ ಒಳಗೆ ಕಾಲಿಡುತ್ತಲೇ ಮೂಗು ಮುಚ್ಚಿಕೊಂಡಳು. "ಅಮ್ಮಾ, ಹುಳಿ ಸೀದುಹೋಗಿದೆ."

"ಒಂದು ಹುಡುಗಿ ನೌಕರಿ ಉಳಿಸ್ತಿದ್ದೀನಿ, ನಿನಗೆ ಹುಳಿ ಚಿಂತೆ."

೪. ಶುಕ್ರವಾರ

ಮ್ಯಾನೇಜರ್ ವಿಡಿಯೋ ಕಾಲ್ ಮಾಡಿದಾಗ ಸಾಲಿಟೇರ್ ಮುಚ್ಚಿ ಎತ್ತಿಕೊಂಡೆ.

"ನಿನ್ನೆ ಮಧ್ಯಾಹ್ನ ಗ್ರೂಪಿನಲ್ಲಿ ಒಂದು ವಿಷಯ ಕೇಳಿದ್ದೆ. ಎಲ್ಲರೂ ಸುಮ್ಮನಿದ್ದರು, ನೀನೊಬ್ಬಳೇ ಒಪ್ಪಿದೆ. ಇಂಥವರು ನಮಗೆ ಬೇಕು. ಕಾಂಟ್ರ್ಯಾಕ್ಟ್ ಒಂದು ವರ್ಷ ಮುಂದುವರಿಸಿದ್ದೀವಿ."

ನಿನ್ನೆ ಮಧ್ಯಾಹ್ನ ನಾನು ಡೆಂಟಿಸ್ಟ್ ಹತ್ತಿರ ಬಾಯಿ ತೆರೆದುಕೊಂಡು ಮಲಗಿದ್ದೆ. ಥ್ಯಾಂಕ್ಸ್ ಹೇಳಿ, ಕಾಲ್ ಮುಗಿಸಿ, ಗ್ರೂಪ್ ತೆರೆದು ನೋಡಿದೆ. "ಆರು ತಿಂಗಳು ವೀಕೆಂಡ್ ಸಪೋರ್ಟ್ ಯಾರು ನೋಡಿಕೊಳ್ತೀರಿ?" ಅದರ ಕೆಳಗೆ ನನ್ನ ಹೆಸರಿನಲ್ಲಿ ಎತ್ತಿದ ಹೆಬ್ಬೆರಳು.

"ಆಂಟಿ, ನಿನ್ನೆ ನನ್ನ ಬದಲು ಆಡುವಾಗ ಏನಾದ್ರೂ ಒತ್ತಿದ್ರಾ?"

"ಹೂಂ. ಎಲೆಗಳ ಮೇಲೆ ಏನೋ ಬಂದು ಅಡ್ಡ ಕೂತಿತ್ತು. ಹೆಬ್ಬೆರಳ ಚಿತ್ರ ಒತ್ತಿದೆ, ಹೋಯ್ತು."

"ಕೆಲಸ ಉಳೀತು ಆಂಟಿ. ಆದ್ರೆ ಇನ್ನು ಆರು ತಿಂಗಳು ಶನಿವಾರ, ಭಾನುವಾರವೂ ನಾನು ಕಂಪ್ಯೂಟರ್ ಮುಂದೆ ಇರ್ಬೇಕು."

ಆಂಟಿ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಹಾಗಾದ್ರೆ ನನ್ನ ವಾಪಸ್ ಟಿಕೆಟ್ ಮುಂದಕ್ಕೆ ಹಾಕಿಸ್ತೀನಿ ಬಿಡು. ಪಾಪ, ನೀನೊಬ್ಬಳೇ ಎಷ್ಟೂಂತ ಆಡ್ತೀಯ?"