ಎಂಟರ ಅಡಿಯಲ್ಲಿ ಅಡಗಿರುವ ಏಳಕ್ಕೆ

ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಐದು ಸೆಂಟಿನ ನಿಕಲ್ ನಾಣ್ಯದಲ್ಲಿ, ಎಂಟರ ಬೆನ್ನ ಹಿಂದೆ ಖಾಯಂ ವಾಸವಾಗಿರುವ ಏಳು ಅವರ ಸನ್ನಿಧಿಗೆ, ಅಮೆರಿಕದ ಫಾರ್ಗೋ ಊರಿನ ನಿವೃತ್ತ ಕ್ಷೌರಿಕ ಆರ್ವಿಡ್ ಸುಂಡೆ ತಲೆಬಾಗಿ ಸಲ್ಲಿಸುವ ದೂರು.

ಮಾನ್ಯರೇ,

ಹಿಂದಿನ ವರ್ಷದ ಅಚ್ಚಿನ ಮೇಲೆಯೇ ಹೊಸ ವರ್ಷವನ್ನು ಒತ್ತಿದ ಯಾವನೋ ಪುಣ್ಯಾತ್ಮನ ದೆಸೆಯಿಂದ ತಾವು ಎಂಟರ ಕೆಳಗೆ ಸಿಕ್ಕಿಕೊಂಡಿರಿ. ಶತಮಾನ ದಾಟಿದರೂ ಹೊರಗೆ ಬರದೆ, ಪೂರ್ತಿ ಒಳಗೂ ಹೋಗದೆ, ಒಂದು ತುದಿಯನ್ನಷ್ಟೇ ಇಣುಕಿಸಿಕೊಂಡು ಕುಳಿತಿರುವ ತಮ್ಮ ತಾಳ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಆಲ್ಬಮ್ಮಿನಲ್ಲಿ ಕಾಡೆಮ್ಮೆ ಚಿತ್ರದ ನಿಕಲ್‌ಗಳ ತೂತುಗಳೆಲ್ಲ ತುಂಬಿ, ತಮ್ಮದೊಂದು ಮಾತ್ರ ಮೂವತ್ತೊಂದು ವರ್ಷ ಖಾಲಿ ಇತ್ತು. "ಆ ತೂತಿಗೆ ಒಂದು ಅಂಗಿ ಗುಂಡಿ ಇಟ್ಟು ಮುಗಿಸ್ಲಾ?" ಎಂದು ನನ್ನ ಹೆಂಡತಿ ವರ್ನಾ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ. ಮೂರನೇ ದಿನ ಕಾಫಿ ಬೇಕಾಯಿತು.

ಕಳೆದ ತಿಂಗಳು ಗ್ಲೆಂಡಾ ಟ್ವೇಟನ್‌ಳ ನಾಣ್ಯದಂಗಡಿಯಲ್ಲಿ, ಸವೆದ ನಿಕಲ್‌ಗಳ ಡಬ್ಬಿ ಕೆದಕುತ್ತಿದ್ದಾಗ ತಮ್ಮ ದರ್ಶನವಾಯಿತು. ಇಂಥ ದುಬಾರಿ ನಾಣ್ಯ ಚಿಲ್ಲರೆ ಬೆಲೆಗೆ ಸಿಕ್ಕಾಗ ನಾಣ್ಯ ಕೂಡಿಡುವ ನಮ್ಮ ಮಂದಿ ಮಾಡುವುದನ್ನೇ ನಾನೂ ಮಾಡಿದೆ: ಹರಳೆಣ್ಣೆ ಕುಡಿದವನಂತೆ ಮುಖ ಮಾಡಿಕೊಂಡು, ಕೆಲಸಕ್ಕೆ ಬಾರದ ಇನ್ನು ನಾಲ್ಕು ನಾಣ್ಯಗಳ ನಡುವೆ ತಮ್ಮನ್ನು ಸೇರಿಸಿ, "ಮೊಮ್ಮಗಳು ಆಟಕ್ಕೆ ಕೇಳ್ತಿದ್ಲು" ಎಂದು ಚಿಲ್ಲರೆ ಕೊಟ್ಟು ಬಂದೆ. ನನಗೆ ಮೊಮ್ಮಗಳಿಲ್ಲ. ಅದು ಗ್ಲೆಂಡಾಳಿಗೂ ಗೊತ್ತು ಎಂಬುದು ಕಾರಿನಲ್ಲಿ ಕುಳಿತ ಮೇಲೆ ಹೊಳೆಯಿತು.

ಮನೆಗೆ ಬಂದು ಭೂತಗನ್ನಡಿ ಹಿಡಿದರೆ ತಾವು ಇದ್ದ ಹಾಗೂ ಕಂಡಿರಿ, ಇಲ್ಲದ ಹಾಗೂ ಕಂಡಿರಿ. ಸವೆದ ಇಸವಿಯ ಮೇಲೆ ಒಂದು ತೊಟ್ಟು ಆ್ಯಸಿಡ್ ಬಿಟ್ಟರೆ ಅಂಕಿ ಎದ್ದು ಕಾಣುತ್ತದೆ, ಆದರೆ ನಾಣ್ಯದ ಮೋರೆ ಕಪ್ಪಿಟ್ಟು ಅದರ ಮರ್ಯಾದೆ ಹೋಗುತ್ತದೆ ಎಂದು ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ನಮ್ಮ ನಾಣ್ಯ ಕ್ಲಬ್ಬಿನಲ್ಲಿ ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟ ಮಹಾಶಯ ನಾನೇ. ಆ ಮಹಾಶಯನೇ ತೊಟ್ಟು ಬಿಟ್ಟ. ತಾವು ಎದ್ದು ಬಂದಿರಿ, ಸಾಕ್ಷಾತ್ ಏಳೇ, ಸುತ್ತ ಸುಟ್ಟ ಬ್ರೆಡ್ಡಿನ ಬಣ್ಣದೊಂದಿಗೆ.

ಅಷ್ಟಕ್ಕೇ ಮುಗಿದಿದ್ದರೆ ಆಲ್ಬಮ್ಮು ಮುಚ್ಚಿಟ್ಟು ಸುಮ್ಮನಿರುತ್ತಿದ್ದೆ. ಹೋದ ಮಂಗಳವಾರ ಕ್ಲಬ್ಬಿಗೆ ಗ್ಲೆಂಡಾ ಬಂದಳು. ಮಂಡಿ ನೋವಿನಿಂದ ಅಂಗಡಿ ಮುಚ್ಚಿ, ಅರಿಜೋನಾದಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾಳಂತೆ. ನನ್ನ ಪಕ್ಕದಲ್ಲಿ ಕುಳಿತು ಮೆಲ್ಲಗೆ, "ಆ ಡಬ್ಬೀಲಿ ಅದನ್ನ ಹಾಕಿದ್ದೇ ನಾನು ಕಣೋ. ಕೈಗೆ ಕೊಟ್ಟಿದ್ರೆ ನಿಂಗೇನು ರುಚಿ? ಹುಡುಕಿ ಸಿಗ್ಲಿ ಅಂತ ಹಾಕ್ದೆ. ಬರೋ ವಾರ ತಗೊಂಡು ಬಾ, ಹೊರಡೋ ಮುಂಚೆ ಆಲ್ಬಮ್ಮಲ್ಲಿ ಕೂತಿರೋದನ್ನ ಒಂದ್ಸಲ ನೋಡ್ಬೇಕು" ಎಂದಳು. ಬ್ಯಾಂಕ್ ಲಾಕರಿನಲ್ಲಿ ಭದ್ರವಾಗಿದೆ ಎಂದುಬಿಟ್ಟೆ. ನನಗೆ ಲಾಕರೂ ಇಲ್ಲ.

ಆದುದರಿಂದ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟೇ. ಬರುವ ಮಂಗಳವಾರ ಸಂಜೆ ಏಳರೊಳಗೆ ತಾವು ಆ ಕಲೆಯನ್ನು ನುಂಗಿಕೊಂಡು ಮೊದಲಿನಂತೆ ಮಬ್ಬಾಗಬೇಕು. ಅದಾಗದಿದ್ದರೆ ಎಂಟು ಅವರನ್ನು ಒಪ್ಪಿಸಿ, ತಾವೇ ನಾಚಿಕೆಯಿಂದ ಕಪ್ಪಾದದ್ದೆಂದು ಅವರ ಬಾಯಿಂದ ಹೇಳಿಸಬೇಕು. ಅದೂ ಆಗದಿದ್ದರೆ ಅರಿಜೋನಾವನ್ನು ಒಂದೆರಡು ವರ್ಷ ಮುಂದೂಡಬೇಕು. ಮೂವತ್ತೊಂದು ವರ್ಷ ನನ್ನನ್ನು ಆಡಿಸಿದ ತಮಗೆ ಇದೇನು ದೊಡ್ಡದು? ನನಗೆ ನಾಣ್ಯ ಕೆಟ್ಟದ್ದಕ್ಕಿಂತ ಹೆಚ್ಚು ಸಂಕಟ ಆ ಹೆಂಗಸಿಗೆ ಮುಖ ತೋರಿಸಬೇಕಲ್ಲ ಎಂಬುದು.

ತಮ್ಮನ್ನು ಹಿಡಿಯಹೋಗಿ ತಾನೇ ಸಿಕ್ಕಿಬಿದ್ದ,
ತಮ್ಮ ವಿಶ್ವಾಸಿ,
ಆರ್ವಿಡ್ ಸುಂಡೆ

ವಿ.ಸೂ.: ತಾವು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ, ಧನ್ಯವಾದ. ನಿನ್ನೆ ಮಂಗಳವಾರ, ಹಾಗೇ ತೆಗೆದುಕೊಂಡು ಹೋದೆ. ಗ್ಲೆಂಡಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಆ್ಯಸಿಡ್ ಯಾವುದೆಂದೂ ಕೇಳಲಿಲ್ಲ. "ಕಂಡಾಗ ಖುಷಿ ಆಯ್ತಾ?" ಎಂದಷ್ಟೇ ಕೇಳಿದಳು. ಮೂವತ್ತೊಂದು ವರ್ಷದ್ದೆಲ್ಲ ಒಟ್ಟಿಗೇ ಆಯಿತು ಎಂದೆ. ಅವಳ ಗಿರಾಕಿಯಾದಂದಿನಿಂದ ಆಕೆಗೆ ನಾನು ಹೇಳಿದ ಮೊದಲನೆಯ ನಿಜ ಅದು, ಮತ್ತು ಆಕೆ ನಾಳೆ ಗುರುವಾರ ಹೊರಡುತ್ತಾಳೆ.